ಸ್ವಾಲ್ಬಾರ್ಡ್‌ಗೆ ಯಾವ ಕಾಲದಲ್ಲಿ ಹೋಗಬೇಕು? ಕತ್ತಲೆ, ಹಿಮ ಮತ್ತು ನಡುರಾತ್ರಿಯ ಸೂರ್ಯನ ನಡುವೆ ಒಂದು ಆಯ್ಕೆ

ಉತ್ತರ ಧ್ರುವದ ಕಡೆಗೆ ಒಮ್ಮೆ ಹೋಗಿಬರಬೇಕೆಂದು ಹಣ ಕೂಡಿಟ್ಟವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಯಾವ ತಿಂಗಳು ಒಳ್ಳೆಯದು? ಕೇಳುವವರ ಮನಸ್ಸಿನಲ್ಲಿರುವ ಚಿತ್ರಗಳು ಮಾತ್ರ ಬೇರೆಬೇರೆ. ಒಬ್ಬರಿಗೆ ಆಕಾಶದಲ್ಲಿ ಹಸಿರು ಬೆಳಕು ಕುಣಿಯಬೇಕು, ಇನ್ನೊಬ್ಬರಿಗೆ ನಡುರಾತ್ರಿ ಹನ್ನೆರಡಕ್ಕೆ ಸೂರ್ಯ ಕಾಣಬೇಕು, ಮತ್ತೊಬ್ಬರಿಗೆ ಹಿಮಕರಡಿ ಸಿಗಬೇಕು. ಹಲವರಿಗೆ ಇವೆಲ್ಲವೂ ಒಂದೇ ವಾರದಲ್ಲಿ ಆಗಿಹೋಗಬೇಕು. ಅದು ಆಗದ ಮಾತು. ನಾರ್ವೆಯ ರಾಜಧಾನಿ ಆಸ್ಲೊದಲ್ಲಿ ನೆಲೆಸಿ, ನಾಲ್ಕು ಬೇರೆಬೇರೆ ಕಾಲಗಳಲ್ಲಿ ಅಲ್ಲಿಗೆ ಹೋಗಿಬಂದ ಮೇಲೆ, ಅದರಲ್ಲಿ ಒಂದು ಸಲ ತಪ್ಪು ವಾರವನ್ನು ಆರಿಸಿ ಹಣ ಕಳೆದುಕೊಂಡ ಮೇಲೆ, ಈ ಪ್ರಶ್ನೆಗೆ ನನ್ನ ಉತ್ತರವನ್ನು ಒಂದೆಡೆ ಬರೆದಿಡುವುದು ಒಳ್ಳೆಯದೆನ್ನಿಸಿತು.

ಇಲ್ಲಿ ನಾನು ಹೇಳುತ್ತಿರುವುದು ಸ್ವಾಲ್ಬಾರ್ಡ್ ದ್ವೀಪಸಮೂಹದ ಬಗ್ಗೆ, ಅದರಲ್ಲೂ 78 ಡಿಗ್ರಿ ಉತ್ತರ ಅಕ್ಷಾಂಶವನ್ನು ದಾಟಿರುವ ಲಾಂಗ್‌ಯಿಯರ್‌ಬ್ಯೆನ್ ಎಂಬ ಊರಿನ ಬಗ್ಗೆ. ನಾರ್ವೆಯ ಆಡಳಿತಕ್ಕೆ ಒಳಪಟ್ಟ, ಸುಮಾರು ಎರಡೂವರೆ ಸಾವಿರ ಜನರಿರುವ ಈ ಊರಿಗೆ ಆಸ್ಲೊದಿಂದ ಮೂರು ಗಂಟೆಯ ವಿಮಾನವಿದೆ. ಸಾಮಾನ್ಯ ಪ್ರಯಾಣಿಕನು ಟಿಕೆಟ್ ಕೊಂಡು ಧ್ರುವಕ್ಕೆ ಇಷ್ಟು ಹತ್ತಿರ ತಲುಪಬಹುದಾದ ವಿಮಾನ ನಿಲ್ದಾಣ ಬೇರೊಂದಿಲ್ಲ. ಇದೇ ಅಕ್ಷಾಂಶದಲ್ಲಿರುವ ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ಭಾಗಗಳಿಗಿಂತ ಇಲ್ಲಿನ ಚಳಿ ಬಹಳ ಸೌಮ್ಯ. ಅಟ್ಲಾಂಟಿಕ್‌ನ ಬೆಚ್ಚನೆಯ ನೀರಿನ ಒಂದು ಕವಲು ದ್ವೀಪಗಳ ಪಶ್ಚಿಮ ಕರಾವಳಿಯನ್ನು ಸವರಿಕೊಂಡು ಉತ್ತರಕ್ಕೆ ಹರಿಯುವುದೇ ಅದಕ್ಕೆ ಕಾರಣ. ಹಾಗಾಗಿ ಪಶ್ಚಿಮದ ಕಡಲು ಚಳಿಗಾಲದಲ್ಲೂ ಬಹುಪಾಲು ತೆರೆದೇ ಇರುತ್ತದೆ, ಪೂರ್ವದ ಕಡಲು ಹೆಪ್ಪುಗಟ್ಟುತ್ತದೆ.

ಹೋಲಿಕೆಗೆ ಮೊದಲು ಅಳತೆಗೋಲುಗಳು

ಹೊರಡುವವರು ಮೊದಲು ನೋಡುವುದು ಉಷ್ಣಾಂಶದ ಪಟ್ಟಿಯನ್ನು. ನನ್ನ ಅನುಭವದಲ್ಲಿ ಅದನ್ನು ಕೊನೆಯಲ್ಲಿ ನೋಡಿದರೆ ಸಾಕು. ಚಳಿಯನ್ನು ಬಟ್ಟೆ ನೋಡಿಕೊಳ್ಳುತ್ತದೆ, ಆ ಬಟ್ಟೆಯನ್ನು ಅಲ್ಲೇ ಬಾಡಿಗೆಗೂ ಕೊಡುತ್ತಾರೆ. ಬೆಳಕನ್ನು ಮಾತ್ರ ಯಾರೂ ಬಾಡಿಗೆಗೆ ಕೊಡಲಾರರು. ಆದ್ದರಿಂದ ಮೊದಲ ಅಳತೆಗೋಲು ಬೆಳಕು. ಲಾಂಗ್‌ಯಿಯರ್‌ಬ್ಯೆನ್‌ನಲ್ಲಿ ಅಕ್ಟೋಬರ್ 26ರ ಸುಮಾರಿಗೆ ಮುಳುಗುವ ಸೂರ್ಯ ಮತ್ತೆ ದಿಗಂತಕ್ಕೆ ಬರುವುದು ಫೆಬ್ರವರಿ 16ರ ಸುಮಾರಿಗೆ. ಏಪ್ರಿಲ್ 20ರ ಆಸುಪಾಸಿನಿಂದ ಆಗಸ್ಟ್ 22ರವರೆಗೆ ಅದು ಮುಳುಗುವುದೇ ಇಲ್ಲ. ಉಳಿದ ನಾಲ್ಕು ತಿಂಗಳಲ್ಲಿ ಮಾತ್ರ ನಮಗೆ ಪರಿಚಿತವಾದ ಹಗಲು ಮತ್ತು ರಾತ್ರಿ ಎರಡೂ ಇರುತ್ತವೆ, ಅವೂ ಓಡುತ್ತಿರುತ್ತವೆ. ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗಿನ ಅರವತ್ತು ಚಿಲ್ಲರೆ ದಿನಗಳಲ್ಲಿ ಹಗಲು ಸೊನ್ನೆಯಿಂದ ಇಪ್ಪತ್ನಾಲ್ಕು ಗಂಟೆಗೆ ಬೆಳೆಯಬೇಕಾದ್ದರಿಂದ, ಸರಾಸರಿ ದಿನಕ್ಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೆಳಕು ಸೇರುತ್ತಾ ಹೋಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರಿನ ಹಗಲಿಗೂ ಜೂನಿನ ಹಗಲಿಗೂ ಇರುವ ಒಂದೂವರೆ ಗಂಟೆಯ ಅಂತರವನ್ನು ಈ ಊರು ನಾಲ್ಕು ದಿನಗಳಲ್ಲಿ ದಾಟಿಬಿಡುತ್ತದೆ. ಒಂದು ವಾರ ಆಚೀಚೆಯಾದರೂ ಪ್ರವಾಸದ ಸ್ವರೂಪವೇ ಬೇರೆಯಾಗುವುದು ಹೀಗೆ.

ಎರಡನೆಯದು ಕಾಲ ಕೆಳಗಿನ ನೆಲ. ಸ್ವಾಲ್ಬಾರ್ಡ್‌ನಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ರಸ್ತೆಯಿಲ್ಲ. ಹಿಮ ಗಟ್ಟಿಯಾಗಿದ್ದರೆ ಸ್ನೋಸ್ಕೂಟರ್ ಅಥವಾ ನಾಯಿಬಂಡಿ, ಕಡಲು ತೆರೆದಿದ್ದರೆ ದೋಣಿ. ಎರಡೂ ಇಲ್ಲದ ದಿನಗಳಲ್ಲಿ ಊರಿನ ಆಸುಪಾಸಿನ ನಲವತ್ತು ಚಿಲ್ಲರೆ ಕಿಲೋಮೀಟರ್ ರಸ್ತೆಯೇ ಪ್ರಪಂಚ. ಈ ರಸ್ತೆಯ ಕೊನೆಯಾಚೆ ಹಿಮಕರಡಿಯ ಭಯವಿರುವುದರಿಂದ ಬಂದೂಕು ಹಿಡಿದ ಮಾರ್ಗದರ್ಶಿಯಿಲ್ಲದೆ ಪ್ರವಾಸಿಗಳು ಹೋಗುವಂತಿಲ್ಲವೆಂದೇ ತಿಳಿಯಬೇಕು. ಅಂದರೆ ಅಲ್ಲಿ ಏನು ಮಾಡಿದರೂ ಅದಕ್ಕೆ ಶುಲ್ಕವಿದೆ. ಬರಿದೇ ಹೊರಗೆ ನಡೆದುಹೋಗಿ ಕಾಲ ಕಳೆಯುವ ಅಗ್ಗದ ಪ್ರವಾಸ ಅಲ್ಲಿಲ್ಲ.

ಮೂರನೆಯದು ಗಾಳಿ. ಥರ್ಮಾಮೀಟರ್ ತೋರಿಸುವ ಮೈನಸ್ 15 ಡಿಗ್ರಿಯಲ್ಲಿ ಗಾಳಿ ಬೀಸದಿದ್ದರೆ ಮುಖ ತೆರೆದುಕೊಂಡೇ ನಡೆದಾಡಬಹುದು. ಸೆಕೆಂಡಿಗೆ ಹತ್ತು ಮೀಟರ್ ಗಾಳಿ ಎದ್ದರೆ ಅದೇ ಚಳಿ ಚರ್ಮಕ್ಕೆ ಮೈನಸ್ 27ರಂತೆ ತಾಗುತ್ತದೆ. ಸ್ಕೂಟರಿನ ಮೇಲೆ ಕುಳಿತವನಿಗೆ ವಾಹನದ ವೇಗವೇ ಗಾಳಿ. ನಾಲ್ಕನೆಯದು ಭರವಸೆ, ಅಂದರೆ ಮುಂಗಡ ಕೊಟ್ಟ ದಿನದಂದೇ ಆ ಪ್ರವಾಸ ನಡೆಯುವ ಸಾಧ್ಯತೆ ಎಷ್ಟು ಎಂಬುದು. ಖರ್ಚು ಈ ನಾಲ್ಕರ ಹಿಂದೆಯೇ ಬರುತ್ತದೆ.

ಮಳೆಯನ್ನು ನಾನು ಅಳತೆಗೋಲಾಗಿ ಇಟ್ಟುಕೊಂಡಿಲ್ಲ. ವರ್ಷವಿಡೀ ಬೀಳುವ ಮಳೆ ಮತ್ತು ಹಿಮ ಎರಡನ್ನೂ ನೀರಾಗಿ ಅಳೆದರೆ ಸುಮಾರು 200 ಮಿಲಿಮೀಟರ್, ನಮ್ಮ ಚಳ್ಳಕೆರೆಯ ಮಳೆಗಿಂತಲೂ ಬಹಳ ಕಡಿಮೆ. ಹಿಮದ ನಾಡಾದರೂ ಲೆಕ್ಕದಲ್ಲಿ ಅದು ಮರುಭೂಮಿ.

ಕತ್ತಲೆಯ ಕಾಲ: ನವೆಂಬರಿನಿಂದ ಜನವರಿ

ಧ್ರುವರಾತ್ರಿಯೆಂದರೆ ನಮ್ಮ ಅಮಾವಾಸ್ಯೆಯ ರಾತ್ರಿ ಮೂರು ತಿಂಗಳು ಮುಂದುವರಿದಂತೆ ಎಂಬ ಕಲ್ಪನೆ ಲಾಂಗ್‌ಯಿಯರ್‌ಬ್ಯೆನ್‌ನ ಮಟ್ಟಿಗೆ ಪೂರ್ತಿ ಸುಳ್ಳಲ್ಲ. ಉತ್ತರ ನಾರ್ವೆಯ ಟ್ರೋಮ್ಸೊದಲ್ಲಿ ಧ್ರುವರಾತ್ರಿಯ ನಡುಹಗಲಿಗೆ ಕೆಲವು ಗಂಟೆ ನೀಲಿ ಬೆಳಕು ಬಂದುಹೋಗುತ್ತದೆ. ಇಲ್ಲಿ ಡಿಸೆಂಬರ್ 21ರ ಮಧ್ಯಾಹ್ನ ಹನ್ನೆರಡಕ್ಕೂ ಸೂರ್ಯ ದಿಗಂತದ ಕೆಳಗೆ ಹನ್ನೊಂದೂವರೆ ಡಿಗ್ರಿಯಷ್ಟು ಆಳದಲ್ಲಿರುವುದರಿಂದ, ದಕ್ಷಿಣದ ಬೆಟ್ಟಸಾಲಿನ ಅಂಚು ಸ್ವಲ್ಪ ತೆಳುವಾದಂತೆ ಕಾಣುವುದನ್ನು ಬಿಟ್ಟರೆ ಬೇರೇನೂ ಬದಲಾಗುವುದಿಲ್ಲ. ನವೆಂಬರ್ ಮಧ್ಯದಿಂದ ಜನವರಿಯ ಕೊನೆಯವರೆಗೆ ಹೀಗೆಯೇ. ಹುಣ್ಣಿಮೆ ಬಂದಾಗ ಮಾತ್ರ ಚಿತ್ರ ಬದಲಾಗುತ್ತದೆ: ಚಳಿಗಾಲದ ಪೂರ್ಣಚಂದ್ರ ಅಲ್ಲಿ ಹಲವು ದಿನ ಮುಳುಗದೆ ಸುತ್ತು ಹಾಕುತ್ತಿರುತ್ತಾನೆ, ಹಿಮದ ಮೇಲೆ ನಮ್ಮ ನೆರಳು ಸ್ಪಷ್ಟವಾಗಿ ಬೀಳುತ್ತದೆ. ಈ ಕಾಲವನ್ನು ಆರಿಸುವವರು ಪಂಚಾಂಗ ನೋಡಿ ಹುಣ್ಣಿಮೆಯ ವಾರವನ್ನೇ ಹಿಡಿಯಬೇಕೆಂಬುದು ನನ್ನ ಖಚಿತ ಸಲಹೆ.

ಧ್ರುವಪ್ರಭೆಗಾಗಿ, ಅಂದರೆ ಆಕಾಶದಲ್ಲಿ ಕುಣಿಯುವ ಆ ಹಸಿರು ಬೆಳಕಿಗಾಗಿ, ಈ ಕಾಲ ಒಳ್ಳೆಯದೇ? ಇಲ್ಲಿ ಒಂದು ಸೂಕ್ಷ್ಮವಿದೆ. ಧ್ರುವಪ್ರಭೆ ಅತಿ ಹೆಚ್ಚು ಕಾಣುವ ವಲಯವು ಕಾಂತಧ್ರುವದ ಸುತ್ತ ಒಂದು ಉಂಗುರದಂತಿದ್ದು, ರಾತ್ರಿಯ ಹೊತ್ತು ಅದು ಟ್ರೋಮ್ಸೊದಂಥ ಊರುಗಳ ನೆತ್ತಿಯ ಮೇಲಿರುತ್ತದೆ. ಸ್ವಾಲ್ಬಾರ್ಡ್ ಆಗ ಉಂಗುರದ ಒಳಗಡೆ, ಅದರ ಉತ್ತರಕ್ಕೆ ಉಳಿಯುತ್ತದೆ. ಹಗಲಿನ ಹೊತ್ತು ಉಂಗುರ ಸ್ವಾಲ್ಬಾರ್ಡ್‌ನ ಮೇಲೆ ಬರುತ್ತದೆ, ಮತ್ತು ಹಗಲೂ ಕತ್ತಲಾಗಿರುವುದರಿಂದ ಅದು ಕಣ್ಣಿಗೆ ಕಾಣುತ್ತದೆ. ಬೆಳಗಿನ ತಿಂಡಿ ಮುಗಿಸಿ ಹೊರಬಂದವರು ತಲೆಯೆತ್ತಿ ಧ್ರುವಪ್ರಭೆ ನೋಡಬಹುದಾದ ಜಾಗ ಜಗತ್ತಿನಲ್ಲಿ ಬಹಳ ಅಪರೂಪ. ಆದರೆ ಅದು ರಾತ್ರಿಯ ಧ್ರುವಪ್ರಭೆಯಷ್ಟು ಪ್ರಖರವಾಗಿರುವುದಿಲ್ಲ. ಹಸಿರು ಪರದೆ ಆಕಾಶವೆಲ್ಲ ಹರಡುವುದೊಂದೇ ಗುರಿಯಾಗಿದ್ದರೆ ಟ್ರೋಮ್ಸೊಗೆ ಹೋಗುವುದು ಜಾಣತನ, ಖರ್ಚೂ ಕಡಿಮೆ.

ಚಳಿಯ ವಿಷಯದಲ್ಲಿ ಡಿಸೆಂಬರ್ ಅತಿ ಕಠಿಣವೆಂದು ಭಾವಿಸುವವರು ಬಹಳ. ವಾಸ್ತವದಲ್ಲಿ ಕಡಲು ತನ್ನ ಬಿಸಿಯನ್ನು ನಿಧಾನವಾಗಿ ಬಿಡುವುದರಿಂದ ಅತಿ ಚಳಿಯ ದಿನಗಳು ಫೆಬ್ರವರಿ ಮತ್ತು ಮಾರ್ಚಿನಲ್ಲಿ ಬರುತ್ತವೆ. ಕತ್ತಲೆಯ ಕಾಲದ ನಿಜವಾದ ತೊಡಕು ಬೇರೆ, ಅದು ಭರವಸೆಗೆ ಸಂಬಂಧಿಸಿದ್ದು. ನಡುಚಳಿಗಾಲದಲ್ಲಿ ದಕ್ಷಿಣದಿಂದ ಬೆಚ್ಚನೆಯ ಗಾಳಿ ನುಗ್ಗಿ ಮಳೆ ಸುರಿಯುವುದು ಈಗ ಹೊಸ ಸಂಗತಿಯಲ್ಲ. ಮಳೆನೀರು ಹೆಪ್ಪುಗಟ್ಟಿದ ನೆಲದೊಳಕ್ಕೆ ಇಳಿಯಲಾರದೆ, ಹಿಮದ ಮೇಲೆಯೇ ಗಾಜಿನಂತೆ ಕಟ್ಟಿಕೊಳ್ಳುತ್ತದೆ. ಹಿಮಸಾರಂಗಗಳು ಅದನ್ನು ಗೊರಸಿನಿಂದ ಕೆರೆದು ಮೇವು ತಲುಪಲಾರದೆ ಸೊರಗುತ್ತವೆ, ಪ್ರವಾಸಿಗಳ ನಾಯಿಬಂಡಿ ರದ್ದಾಗುತ್ತದೆ. 2025ರ ಫೆಬ್ರವರಿಯಲ್ಲಿ ಇದೇ ದ್ವೀಪಗಳ ಸಂಶೋಧನಾ ನೆಲೆಯಾದ ನ್ಯೂ-ಓಲೆಸುಂಡ್‌ನಲ್ಲಿ ಹಿಮ ಕರಗಿ ನೆಲದ ಮೇಲೆ ನೀರಿನ ಮಡುಗಳು ನಿಂತವು. ಬಿರುಗಾಳಿಯೂ ಈ ಕಾಲದ್ದೇ. 2015ರ ಡಿಸೆಂಬರ್ 19ರಂದು ಬಿರುಗಾಳಿ ತಂದು ಗುಡ್ಡೆಹಾಕಿದ್ದ ಹಿಮ ಸುಕ್ಕರ್‌ಟೊಪ್ಪನ್ ಬೆಟ್ಟದಿಂದ ಜಾರಿ, ಊರೊಳಗಿನ ಹನ್ನೊಂದು ಮನೆಗಳನ್ನು ಅಡಿಪಾಯದಿಂದ ಕಿತ್ತು ಸರಿಸಿತು, ಇಬ್ಬರು ತೀರಿಕೊಂಡರು. ಅಂದಿನಿಂದ ಬೆಟ್ಟದ ಮಗ್ಗುಲಲ್ಲಿ ತಡೆಬೇಲಿಗಳು ಎದ್ದಿವೆ.

ಹಾಗಿದ್ದರೆ ಈ ಕಾಲ ಯಾರಿಗೆ? ಕತ್ತಲೆಯನ್ನೇ ನೋಡಬೇಕೆಂಬ ಕುತೂಹಲವಿರುವವರಿಗೆ. ಸಂಶೋಧಕರಿಗೂ ಅದೇ ಬೇಕಾಗುತ್ತದೆ. ಲಾಂಗ್‌ಯಿಯರ್‌ಬ್ಯೆನ್‌ನಿಂದ ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ವಾಯವ್ಯಕ್ಕಿರುವ ನ್ಯೂ-ಓಲೆಸುಂಡ್‌ನಲ್ಲಿ ಭಾರತದ ಹಿಮಾದ್ರಿ ಕೇಂದ್ರ 2008ರಿಂದ ಇದೆ. ಬಹಳ ವರ್ಷ ಬೇಸಿಗೆಯ ಸುತ್ತಲೇ ನಡೆಯುತ್ತಿದ್ದ ಅಲ್ಲಿನ ಕೆಲಸ, 2023ರ ಡಿಸೆಂಬರಿನಲ್ಲಿ ಮೊದಲ ಚಳಿಗಾಲದ ತಂಡ ಹೋದ ಮೇಲೆ ಕತ್ತಲೆಯ ತಿಂಗಳುಗಳಿಗೂ ಚಾಚಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಆ ತಂಡದಲ್ಲಿತ್ತು. ಬ್ರಹ್ಮಾಂಡದ ಆದಿಕಾಲದ ಕ್ಷೀಣ ರೇಡಿಯೊ ಸಂಕೇತಗಳನ್ನು ಹುಡುಕುವ ಅವರಿಗೆ, ವೈಫೈ ಮತ್ತು ಬ್ಲೂಟೂತ್‌ಗಳನ್ನು ಆರಿಸಿಟ್ಟಿರುವ ಆ ಊರಿನ ಮೌನ ಬೇಕಾಗಿತ್ತು. ಪ್ರವಾಸಿಗೆ ಇನ್ನೊಂದು ಅನುಕೂಲವಿದೆ: ಕ್ರಿಸ್‌ಮಸ್ ಮತ್ತು ಹೊಸ ವರ್ಷದ ದಿನಗಳನ್ನು ಬಿಟ್ಟರೆ ಕೋಣೆಗಳ ಬಾಡಿಗೆ ಈ ತಿಂಗಳುಗಳಲ್ಲಿ ಇಳಿದಿರುತ್ತದೆ. ಮಕ್ಕಳನ್ನು ಕರೆದೊಯ್ಯುವವರಿಗೆ, ಮನಸ್ಸು ಬೇಗ ಮಂಕಾಗುವವರಿಗೆ ನಾನು ಇದನ್ನು ಹೇಳುವುದಿಲ್ಲ. ಮೂರನೆಯ ದಿನ ಮಧ್ಯಾಹ್ನ ಎರಡಕ್ಕೆ ಎಚ್ಚರಗೊಂಡು, ಅದು ರಾತ್ರಿಯೋ ಹಗಲೋ ತಿಳಿಯದೆ ಹಾಸಿಗೆಯ ಮೇಲೆ ಕುಳಿತಿದ್ದ ಗಳಿಗೆ ನನಗೆ ಇನ್ನೂ ನೆನಪಿದೆ.

ಬೆಳಕಿನ ಚಳಿಗಾಲ: ಮಾರ್ಚ್ ಮತ್ತು ಏಪ್ರಿಲ್

ಅಲ್ಲಿನವರನ್ನು ಕೇಳಿದರೆ ಹೆಚ್ಚಿನವರು ಬೆರಳು ತೋರಿಸುವುದು ಈ ಎರಡು ತಿಂಗಳುಗಳ ಕಡೆಗೆ. ಫೆಬ್ರವರಿ 16ಕ್ಕೆ ಸೂರ್ಯ ದಿಗಂತಕ್ಕೆ ಬಂದರೂ ಲಾಂಗ್‌ಯಿಯರ್‌ಬ್ಯೆನ್ ಕಣಿವೆಯೊಳಗೆ ಕುಳಿತಿರುವುದರಿಂದ ಬಿಸಿಲು ಊರನ್ನು ಮುಟ್ಟುವುದು ಮಾರ್ಚ್ 8ಕ್ಕೆ. ಅಂದು ಹಳೆಯ ಆಸ್ಪತ್ರೆಯ ಉಳಿದಿರುವ ಮೆಟ್ಟಿಲುಗಳ ಬಳಿ ಊರಿಗೆ ಊರೇ ಸೇರುತ್ತದೆ. ಮುಖಕ್ಕೆ ಹಳದಿ ಬಣ್ಣ ಬಳಿದುಕೊಂಡ ಮಕ್ಕಳು ಸೂರ್ಯನನ್ನು ಕೂಗಿ ಕರೆಯುತ್ತಾರೆ, ಬೆಟ್ಟದ ಸಂದಿನಿಂದ ಕಿರಣ ಬಂದು ಮೆಟ್ಟಿಲಿನ ಮೇಲೆ ಬೀಳುತ್ತದೆ, ಕೆಲವೇ ನಿಮಿಷಗಳಲ್ಲಿ ಹೊರಟೂ ಹೋಗುತ್ತದೆ. ನಾನು ನಿಂತಿದ್ದ ವರ್ಷ ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಕೈಗವಸು ತೆಗೆದು ಬರಿ ಅಂಗೈಯನ್ನು ಬಿಸಿಲಿಗೆ ಹಿಡಿದರು. ಮೈನಸ್ ಹದಿನೆಂಟರ ಚಳಿ, ಆ ಬಿಸಿಲಿನಲ್ಲಿ ಕಾವೇನೂ ಇರಲಿಲ್ಲ. ಕಿರಣ ಹೋಗುವವರೆಗೂ ಅವರು ಕೈ ಇಳಿಸಲಿಲ್ಲ. ಸಂಕ್ರಾಂತಿಯನ್ನು ನಾವು ಪಂಚಾಂಗದಲ್ಲಿ ನೋಡಿ ಆಚರಿಸುತ್ತೇವೆ, ಅವರು ಮೈಮೇಲೆ ಬಿದ್ದಾಗ ಆಚರಿಸುತ್ತಾರೆ.

ಮಾರ್ಚಿನ ಆಕರ್ಷಣೆಯೆಂದರೆ ಹಗಲು, ರಾತ್ರಿ ಎರಡೂ ಇರುವುದು. ಮೊದಲ ಎರಡು ವಾರಗಳಲ್ಲಿ ಸಂಜೆ ಕತ್ತಲಾಗುವುದರಿಂದ ಅದೃಷ್ಟವಿದ್ದರೆ ಧ್ರುವಪ್ರಭೆಯೂ ಸಿಗುತ್ತದೆ, ಹಗಲಿನಲ್ಲಿ ಸ್ಕೂಟರ್ ಪ್ರಯಾಣವೂ ಸಾಧ್ಯ. ಓರೆ ಬಿಸಿಲಿನಲ್ಲಿ ಹಿಮ ಗುಲಾಬಿಯಾಗಿ, ನೆರಳುಗಳು ನೀಲಿಯಾಗಿ ಕಾಣುವುದರಿಂದ ಛಾಯಾಗ್ರಾಹಕರು ಈ ದಿನಗಳಿಗೆ ಮುಗಿಬೀಳುತ್ತಾರೆ. ಆದರೆ ಚಳಿ ಇದ್ದರೆ ಇದೇ ಚಳಿ. ಈಚಿನ ದಶಕಗಳ ಸರಾಸರಿ ಮೈನಸ್ ಹತ್ತರಿಂದ ಹನ್ನೆರಡರ ಆಸುಪಾಸಿನಲ್ಲಿದ್ದರೂ, ಆಕಾಶ ತಿಳಿಯಾಗಿ ಗಾಳಿ ಪೂರ್ವದಿಂದ ಬಂದ ದಿನ ಮೈನಸ್ 25 ಅಪರೂಪವೇನಲ್ಲ. ವಿಮಾನ ನಿಲ್ದಾಣದಲ್ಲಿ ದಾಖಲಾದ ಅತಿ ಕೆಳಗಿನ ಉಷ್ಣಾಂಶ, ಮೈನಸ್ 46.3 ಡಿಗ್ರಿ, 1986ರ ಮಾರ್ಚ್ 4ರದ್ದು. ಕನ್ನಡಕ ಹಾಕುವವರು ಇಲ್ಲಿ ಒಂದು ಮಾತು ಕೇಳಿಸಿಕೊಳ್ಳಬೇಕು: ಮೂಗು ಮುಚ್ಚಿದ ಬಟ್ಟೆಯಿಂದ ಮೇಲೇರುವ ಉಸಿರು ಗಾಜಿನ ಮೇಲೆ ಕೂತು ಅಲ್ಲೇ ಹೆಪ್ಪುಗಟ್ಟುತ್ತದೆ, ಒರೆಸಿದರೆ ಹೋಗುವುದಿಲ್ಲ, ಉಗುರಿನಿಂದ ಕೆರೆಯಬೇಕು. ಕ್ಯಾಮೆರಾದ ಬ್ಯಾಟರಿಯನ್ನು ಒಳ ಅಂಗಿಯ ಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳದಿದ್ದರೆ ಎಂಬತ್ತು ಶೇಕಡಾ ತೋರಿಸುತ್ತಿದ್ದುದು ಹತ್ತು ನಿಮಿಷಕ್ಕೆ ಸತ್ತುಹೋಗುತ್ತದೆ.

ಏಪ್ರಿಲ್ ಬಂದಂತೆ ಚಳಿಯ ಹಲ್ಲು ಮೊಂಡಾಗುತ್ತದೆ, ಹಿಮ ಮಾತ್ರ ಇನ್ನೂ ಗಟ್ಟಿಯಾಗಿರುತ್ತದೆ. ರಷ್ಯನ್ನರ ಗಣಿ ಊರಾದ ಬಾರೆಂಟ್ಸ್‌ಬರ್ಗ್‌ಗೆ, 1998ರಲ್ಲಿ ಗಣಿ ಮುಚ್ಚಿ ಪಾಳುಬಿದ್ದ ಪಿರಮಿಡೆನ್‌ಗೆ, ಪೂರ್ವ ಕರಾವಳಿಯ ಹೆಪ್ಪುಗಟ್ಟಿದ ಕಡಲಿನ ಅಂಚಿಗೆ ಸ್ಕೂಟರಿನಲ್ಲಿ ದಿನವಿಡೀ ಹೋಗಿಬರಲು ಇದು ಸೂಕ್ತ ಕಾಲ. ಏಪ್ರಿಲ್ ಕೊನೆಯ ಹತ್ತು ದಿನಗಳಲ್ಲಿ ಬಹಳ ಜನ ಗಮನಿಸದ ಒಂದು ಸಂಧಿ ಇದೆ: ಸೂರ್ಯ ಮುಳುಗುವುದು ನಿಂತಿರುತ್ತದೆ, ನೆಲದ ಮೇಲೆ ಹಿಮ ಪೂರ್ತಿಯಾಗಿ ಉಳಿದಿರುತ್ತದೆ. ನಡುರಾತ್ರಿಯ ಸೂರ್ಯನನ್ನು ಹಿಮದ ಮೇಲೆಯೇ ನೋಡಬೇಕೆನ್ನುವವರಿಗೆ ವರ್ಷದಲ್ಲಿ ಒದಗುವ ಅವಕಾಶ ಏಪ್ರಿಲ್ 20ರಿಂದ ಮೇ ಮೊದಲ ವಾರದವರೆಗಿನ ಈ ಕಿಂಡಿ ಮಾತ್ರ. ನನಗೆ ಒಂದೇ ಸಲ ಹೋಗಲು ಅವಕಾಶವಿದ್ದರೆ ನಾನು ಆರಿಸುವುದು ಇದನ್ನೇ.

ಇದರ ಬೆಲೆಯೂ ಹಾಗೆಯೇ. ಮಾರ್ಚ್, ಏಪ್ರಿಲ್‌ಗಳಲ್ಲಿ ಕೋಣೆ ಸಿಗುವುದೇ ಕಷ್ಟ, ಈಸ್ಟರ್ ರಜೆಯ ವಾರವಂತೂ ತಿಂಗಳುಗಳ ಮೊದಲೇ ತುಂಬಿರುತ್ತದೆ. ಒಂದು ಸ್ಕೂಟರಿನ ಮೇಲೆ ಇಬ್ಬರು ಹಂಚಿಕೊಂಡು ಕುಳಿತರೆ ತಲೆಗೆ ಬೀಳುವ ಖರ್ಚು ಕಡಿಮೆಯಾಗುತ್ತದೆ. ಒಬ್ಬರೇ ಹೋಗುವವರಿಗೆ ಆ ಉಳಿತಾಯವಿಲ್ಲ. ಓಡಿಸುವವರಿಗೆ ಲೈಸೆನ್ಸ್ ಬೇಕು, ಯಾವ ಲೈಸೆನ್ಸ್ ನಡೆಯುತ್ತದೆಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿ ತಿಳಿಯುವುದು ಕ್ಷೇಮ. ಬೆನ್ನುನೋವಿರುವವರು ಸ್ಕೂಟರನ್ನು ಬಿಟ್ಟು ನಾಯಿಬಂಡಿಯನ್ನೋ, ಪಟ್ಟಿಗಾಲಿಯ ದೊಡ್ಡ ಹಿಮವಾಹನವನ್ನೋ ಆರಿಸುವುದು ಒಳ್ಳೆಯದು. ಇನ್ನೊಂದು ಎಚ್ಚರಿಕೆ: ಊರಿನ ಮುಂದಿನ ದೊಡ್ಡ ಫ್ಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳಚಾಚಿದ ಕಡಲ ತೋಳು, 2006ರ ಆಸುಪಾಸಿನಿಂದೀಚೆಗೆ ಮೊದಲಿನಂತೆ ಹೆಪ್ಪುಗಟ್ಟುತ್ತಿಲ್ಲ. ಅದಕ್ಕೂ ಹಿಂದಿನ ಪ್ರವಾಸಿಗಳ ಚಿತ್ರಗಳಲ್ಲಿ ಕಾಣುವ ಕಡಲ ಮೇಲಿನ ದಾರಿ ಈ ವರ್ಷ ಇದ್ದೇ ಇರುತ್ತದೆಂದು ಯಾರೂ ಮಾತು ಕೊಡಲಾರರು.

ಮೇ ಮಧ್ಯದಿಂದ ಜೂನ್ ಮಧ್ಯ: ಬಿಟ್ಟುಬಿಡಬೇಕಾದ ತಿಂಗಳು

ನನ್ನ ಮೊದಲ ಪ್ರವಾಸ ಮೇ ಮೂರನೆಯ ವಾರದಲ್ಲಿ. ವಿಮಾನದ ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗಿದ್ದೆ. ಹೋಗಿ ನೋಡಿದರೆ ಹಿಮ ಮೇಲ್ಗಡೆ ಸಕ್ಕರೆಯಂತೆ, ಕೆಳಗಡೆ ನೀರು, ಮೊಣಕಾಲಿನವರೆಗೆ ಹೂತುಹೋಗುತ್ತಿತ್ತು. ಸ್ಕೂಟರಿನ ಕಾಲ ಮುಗಿದಿತ್ತು, ನಡಿಗೆಯ ಕಾಲ ಶುರುವಾಗಿರಲಿಲ್ಲ, ಫ್ಯೋರ್ಡ್‌ಗಳ ಒಳತುದಿಗಳಲ್ಲಿ ಮಂಜುಗಡ್ಡೆ ಇನ್ನೂ ಇದ್ದುದರಿಂದ ದೋಣಿ ಅರ್ಧ ದಾರಿಯಿಂದ ತಿರುಗಿಬಂತು. ನಾನು ಮುಂಗಡ ಕೊಟ್ಟಿದ್ದ ಎರಡು ಪ್ರವಾಸಗಳಲ್ಲಿ ಒಂದು ರದ್ದಾಯಿತು, ಹಣ ಮರಳಿ ಬರಲು ಮೂರು ತಿಂಗಳು ಹಿಡಿಯಿತು. ಹಕ್ಕಿ ವೀಕ್ಷಣೆಯ ಹುಚ್ಚಿರುವವರಿಗೆ ಮಾತ್ರ ಈ ಕಾಲದಲ್ಲಿ ಅರ್ಥವಿದೆ, ಏಕೆಂದರೆ ಲಕ್ಷಗಟ್ಟಲೆ ಕಡಲಹಕ್ಕಿಗಳು ಬಂಡೆಗೋಡೆಗಳಿಗೆ ಮರಳುವುದು ಆಗಲೇ. ಉಳಿದವರು ಟಿಕೆಟ್ಟಿನ ದರ ನೋಡಿ ಮೋಸಹೋಗಬಾರದು.

ಬೇಸಿಗೆ: ಜೂನ್ ಕೊನೆಯಿಂದ ಆಗಸ್ಟ್

ಸ್ವಾಲ್ಬಾರ್ಡ್‌ನ ಬೇಸಿಗೆಗೆ ಬೆಂಗಳೂರಿನ ಸ್ವೆಟರ್ ಸಾಲದು, ಆದರೆ ಊಟಿಯ ಡಿಸೆಂಬರಿನ ಬೆಳಗನ್ನು ತಡೆದುಕೊಂಡವರಿಗೆ ಅದರಲ್ಲಿ ಹೆದರುವಂಥದ್ದೂ ಇಲ್ಲ. ಜುಲೈನ ಸರಾಸರಿ ಸುಮಾರು 7 ಡಿಗ್ರಿ. 2020ರ ಜುಲೈ 25ರಂದು 21.7 ಡಿಗ್ರಿ ದಾಖಲಾದಾಗ ಅದು ಜಗತ್ತಿನ ಸುದ್ದಿಯಾಯಿತು. ಇಪ್ಪತ್ನಾಲ್ಕು ಗಂಟೆ ಸೂರ್ಯನಿದ್ದೂ ಬಿಸಿಯೇಕೆ ಏರುವುದಿಲ್ಲವೆಂದರೆ, ಜೂನ್ 21ರ ನಡುಹಗಲಿನಲ್ಲೂ ಅವನು ಏರುವುದು ದಿಗಂತದಿಂದ 35 ಡಿಗ್ರಿಯವರೆಗೆ ಮಾತ್ರ. ನಮ್ಮಲ್ಲಿ ಬೆಳಗಿನ ಎಂಟೂವರೆಯ ಬಿಸಿಲಿಗೆ ಇರುವಷ್ಟೇ ಓರೆ. ಅದರ ಬಹುಪಾಲನ್ನು ಹಿಮ ಮತ್ತು ಮೋಡಗಳು ಹಿಂದಕ್ಕೆ ಎಸೆಯುತ್ತವೆ, ಉಳಿದದ್ದು ಹಿಮ ಕರಗಿಸುವುದಕ್ಕೇ ಖರ್ಚಾಗುತ್ತದೆ. ನೆಲ ಕರಗುವುದೂ ಮೇಲಿನ ಒಂದು ಮೀಟರಿನ ಆಸುಪಾಸಿನವರೆಗೆ ಮಾತ್ರ, ಅದರ ಕೆಳಗೆ ವರ್ಷವಿಡೀ ಹೆಪ್ಪುಗಟ್ಟಿದ ಮಣ್ಣು. ನೀರು ಇಂಗಲು ಜಾಗವಿಲ್ಲದ್ದರಿಂದ ಕಣಿವೆಗಳು ಕೆಸರಾಗುತ್ತವೆ. ಮನೆಗಳೆಲ್ಲ ಕಂಬಗಳ ಮೇಲೆ ನಿಂತಿರುವುದಕ್ಕೂ ಈ ನೆಲವೇ ಕಾರಣ.

ಪ್ರಾಣಿಪಕ್ಷಿಗಳಿಗಾಗಿ ಹೋಗುವವರಿಗೆ ಬೇಸಿಗೆಗೆ ಸಾಟಿಯಿಲ್ಲ. ವಾಲ್ರಸ್‌ಗಳು ದಂಡೆಯಲ್ಲಿ ಒಂದರ ಮೇಲೊಂದು ಮಲಗಿರುತ್ತವೆ, ಗಿಡ್ಡಕಾಲಿನ ಹಿಮಸಾರಂಗಗಳು ಊರೊಳಗೇ ಮೇಯುತ್ತವೆ. ಆರ್ಕ್ಟಿಕ್ ರೀವ ಹಕ್ಕಿಗಳು ರಸ್ತೆಯ ಪಕ್ಕದಲ್ಲೇ ಮೊಟ್ಟೆಯಿಟ್ಟು, ಹಾದುಹೋಗುವವರ ನೆತ್ತಿಗೆ ಕುಕ್ಕಲು ಎರಗುತ್ತವೆ. ಅವು ಎರಗುವುದು ಅತಿ ಎತ್ತರದ ತುದಿಗಾದ್ದರಿಂದ ತಲೆಯ ಮೇಲೆ ಒಂದು ಕೋಲನ್ನು ಎತ್ತಿಹಿಡಿದು ನಡೆದರೆ ಕೋಲಿಗೆ ಪೆಟ್ಟು, ತಲೆಗೆ ಕ್ಷೇಮ. ಹಿಮಕರಡಿಯ ವಿಷಯದಲ್ಲಿ ಆಸೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಬೇಕು. 2025ರ ಜನವರಿಯಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್, ಉಳಿದ ಕಾಲದಲ್ಲಿ 300 ಮೀಟರ್ ದೂರದಲ್ಲಿರಬೇಕು. ದೂರದರ್ಶಕವಿಲ್ಲದಿದ್ದರೆ ಕರಡಿ ಕೆನೆಬಣ್ಣದ ಒಂದು ಚುಕ್ಕೆ ಅಷ್ಟೆ. ಅದು ನ್ಯಾಯವೇ ಎಂದು ನನಗನ್ನಿಸುತ್ತದೆ.

ಬೇಸಿಗೆಯಲ್ಲೇ ಎರಡು ದಾರಿಗಳಿವೆ, ಅವುಗಳ ನಡುವಿನ ಅಂತರ ಜೇಬಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ಊರಿನಲ್ಲಿ ಉಳಿದು ದಿನದ ದೋಣಿ ಪ್ರವಾಸಗಳನ್ನು ಮಾಡುವುದು ಒಂದು. ಸಣ್ಣ ಹಡಗಿನಲ್ಲಿ ವಾರಗಟ್ಟಲೆ ದ್ವೀಪಗಳನ್ನು ಸುತ್ತುವುದು ಇನ್ನೊಂದು. ಎರಡನೆಯದಕ್ಕೆ ಹಲವು ಪಟ್ಟು ಖರ್ಚಾಗುತ್ತದೆ, ಆದರೆ ಉತ್ತರದ ಮಂಜುಗಡ್ಡೆಯ ಅಂಚು, ಹಕ್ಕಿಗಳ ಬಂಡೆಗೋಡೆಗಳು, ಕರಡಿ ಕಾಣುವ ಹೆಚ್ಚಿನ ಅವಕಾಶ ಎಲ್ಲವೂ ಅದರಲ್ಲೇ ಇವೆ. ನಡೆಯಲು ಕಷ್ಟವಿರುವ ಹಿರಿಯರನ್ನು ಕರೆದೊಯ್ಯುವವರಿಗೆ ಹಡಗೇ ಸರಿ. ಸಾಲ ಮಾಡಿ ಹೋಗುವಂಥದ್ದಲ್ಲ. ಊರಿನಲ್ಲಿದ್ದುಕೊಂಡು ಎರಡು ಒಳ್ಳೆಯ ದೋಣಿ ಪ್ರವಾಸ ಮತ್ತು ಒಂದು ಬೆಟ್ಟದ ನಡಿಗೆ ಮಾಡಿದರೂ ಹೋದದ್ದು ವ್ಯರ್ಥವೆನ್ನಿಸುವುದಿಲ್ಲ.

ಬೇಸಿಗೆಯ ಶತ್ರು ಮಂಜು. ತಣ್ಣನೆಯ ಕಡಲಿನ ಮೇಲೆ ತೇವದ ಗಾಳಿ ಬಂದು ಕುಳಿತರೆ ಎರಡು ದಿನ ಎದುರಿನ ಬೆಟ್ಟವೂ ಕಾಣುವುದಿಲ್ಲ, ವಿಮಾನ ಇಳಿಯಲಾರದೆ ಹಿಂದಿರುಗುವುದೂ ಉಂಟು. ಆದ್ದರಿಂದ ಮರುಪ್ರಯಾಣಕ್ಕೂ ಭಾರತದ ವಿಮಾನಕ್ಕೂ ನಡುವೆ ಕನಿಷ್ಠ ಒಂದು ರಾತ್ರಿ ಆಸ್ಲೊದಲ್ಲಿ ಇಟ್ಟುಕೊಳ್ಳಿ. ನಿದ್ದೆಯದು ಇನ್ನೊಂದು ಗೋಳು. ದಪ್ಪ ಪರದೆ ಎಳೆದರೂ ಅಂಚಿನಿಂದ ಸೂರ್ಯ ನುಸುಳುತ್ತಾನೆ. ಕಣ್ಣುಪಟ್ಟಿ ಒಯ್ಯದೆ ಹೋದವರು ನಡುರಾತ್ರಿ ಒಂದಕ್ಕೆ ಬೀದಿಯಲ್ಲಿ ಅಡ್ಡಾಡುತ್ತಿರುವುದನ್ನು ನೋಡಿದ್ದೇನೆ, ಅವರಲ್ಲಿ ನಾನೂ ಒಬ್ಬ.

ಸೆಪ್ಟೆಂಬರ್

ಇದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಸೆಪ್ಟೆಂಬರಿನಲ್ಲಿ ಕಡಲಿನ ಮಂಜುಗಡ್ಡೆ ವರ್ಷದ ಕನಿಷ್ಠಕ್ಕೆ ಇಳಿದಿರುತ್ತದೆ, ದೋಣಿಗಳು ಇನ್ನೂ ಓಡುತ್ತಿರುತ್ತವೆ, ಅಂಗೈ ಎತ್ತರಕ್ಕೂ ಬೆಳೆಯದ ಧ್ರುವದ ವಿಲ್ಲೋ ಗಿಡಗಳ ಎಲೆ ಹಳದಿಯಾಗಿ ಕಣಿವೆಗಳು ಬಣ್ಣಗಟ್ಟುತ್ತವೆ. ಬೆಟ್ಟದ ತುದಿಗಳಿಗೆ ಮೊದಲ ಹಿಮ ಬೀಳುತ್ತದೆ. ತಿಂಗಳ ಕೊನೆಗೆ ರಾತ್ರಿಗಳು ಕಪ್ಪಾಗಿ ಧ್ರುವಪ್ರಭೆಗೂ ಅವಕಾಶ ತೆರೆಯುತ್ತದೆ. ಹಕ್ಕಿಗಳು ಹೊರಟುಹೋಗಿರುತ್ತವೆ ಎಂಬುದು ಕೊರತೆ; ಹಿಮದ ಮೇಲಿನ ಪ್ರವಾಸಗಳಾವುವೂ ಇಲ್ಲ, ನಾಯಿಗಳೂ ಗಾಲಿಬಂಡಿ ಎಳೆಯುತ್ತಿರುತ್ತವೆ. ಕೈ ಬಿಗಿಯಿರುವವರಿಗೆ, ಕೊರೆಯುವ ಚಳಿ ಬೇಡವೆನ್ನುವವರಿಗೆ, ಗುಂಪಿನಿಂದ ದೂರವಿರಬೇಕೆನ್ನುವವರಿಗೆ ಇದು ನನ್ನ ಎರಡನೆಯ ಆಯ್ಕೆ.

ಕಾಲ ಯಾವುದಾದರೂ, ಉಷ್ಣಾಂಶದ ಹಳೆಯ ಪಟ್ಟಿಗಳನ್ನು ನಂಬಬೇಡಿ. 1961ರಿಂದ 1990ರವರೆಗಿನ ವಾರ್ಷಿಕ ಸರಾಸರಿ ಮೈನಸ್ 6.7 ಡಿಗ್ರಿ ಇದ್ದದ್ದು 1991ರಿಂದ 2020ರ ಅವಧಿಗೆ ಮೈನಸ್ 3.9 ಆಗಿದೆ, ಏರಿಕೆಯ ದೊಡ್ಡ ಪಾಲು ಚಳಿಗಾಲದಲ್ಲೇ ಆಗಿದೆ. ಪುಸ್ತಕದಲ್ಲಿ ಮೈನಸ್ 16 ಎಂದು ಬರೆದಿರುವ ಫೆಬ್ರವರಿಯಲ್ಲಿ ನಿಮ್ಮ ಮೇಲೆ ಮಳೆ ಬೀಳಬಹುದು. ಉಣ್ಣೆಯ ಒಳ ಅಂಗಿಯ ಜೊತೆಗೆ ನೀರು ಹೀರದ ಹೊರ ಅಂಗಿಯನ್ನು ಚಳಿಗಾಲದಲ್ಲೂ ಒಯ್ಯಬೇಕು. ಜೊತೆಗೆ ಒಂದು ಜೊತೆ ದಪ್ಪ ಕಾಲುಚೀಲ: ಕಲ್ಲಿದ್ದಲು ಗಣಿಯ ಕಾಲದಿಂದ ಬಂದ ರೂಢಿಯಂತೆ ವಸತಿಗೃಹ, ವಸ್ತುಸಂಗ್ರಹಾಲಯಗಳ ಬಾಗಿಲಲ್ಲೇ ಬೂಟು ಬಿಡಬೇಕು. ನಮಗೆ ಅದು ಹೊಸದೇನಲ್ಲ, ಆದರೆ ತೂತುಬಿದ್ದ ಕಾಲುಚೀಲ ಊರಿಗೆಲ್ಲ ಕಾಣುತ್ತದೆ.

ಕೊನೆಯದಾಗಿ ವೀಸಾ. 1920ರ ಸ್ವಾಲ್ಬಾರ್ಡ್ ಒಪ್ಪಂದದಿಂದಾಗಿ ದ್ವೀಪಗಳಿಗೆ ಹೋಗಲು ವೀಸಾ ಬೇಡ, ಇದನ್ನು ಓದಿಯೇ ಹಲವರು ನಿಶ್ಚಿಂತರಾಗುತ್ತಾರೆ. ಆದರೆ ದಾರಿ ನಾರ್ವೆಯ ಮುಖ್ಯಭೂಮಿಯ ಮೂಲಕ, ಅದಕ್ಕೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ ಬೇಕು. ಸ್ವಾಲ್ಬಾರ್ಡ್ ಷೆಂಗೆನ್ ವಲಯದ ಹೊರಗಿರುವುದರಿಂದ ಅಲ್ಲಿಂದ ಹಿಂದಿರುಗುವುದು ಎರಡನೆಯ ಪ್ರವೇಶವೆಂದು ಲೆಕ್ಕವಾಗುತ್ತದೆ. ಅರ್ಜಿ ತುಂಬುವಾಗ ಒಂದೇ ಪ್ರವೇಶದ ವೀಸಾ ಕೇಳಿದವರು ಲಾಂಗ್‌ಯಿಯರ್‌ಬ್ಯೆನ್‌ನಿಂದ ವಾಪಸು ಬರುವಾಗ ಆಸ್ಲೊದ ಪಾಸ್‌ಪೋರ್ಟ್ ಕೌಂಟರಿನಲ್ಲಿ ತೊಂದರೆಗೆ ಸಿಲುಕುತ್ತಾರೆ. ಆದ್ದರಿಂದ ತಿಂಗಳನ್ನು ಆರಿಸಿದ ಕೂಡಲೇ ಎರಡು ಅಥವಾ ಹೆಚ್ಚು ಪ್ರವೇಶದ ವೀಸಾವನ್ನೇ ಕೇಳಿ, ಅದು ಕೈಗೆ ಬಂದಾಗ ಪ್ರವೇಶಗಳ ಸಂಖ್ಯೆಯನ್ನು ಇನ್ನೊಮ್ಮೆ ನೋಡಿಕೊಳ್ಳಿ.